ಉಣುಗಿನ ಕಡಿತವೂ ಮಂಗನ ಕಾಯಿಲೆಯೂ

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಮಲೆನಾಡಿನ ರೈತನಿಗೆ ಕಾಡಿನ ಕೆಲಸ ಮೊದಲಾಗುತ್ತದೆ. ಸೌದೆ ತರಬೇಕು, ಕೊಟ್ಟಿಗೆಗೆ ತರಗೆಲೆ ಗುಡಿಸಬೇಕು, ತೋಟಕ್ಕೆ ಸೊಪ್ಪು ಕಡಿಯಬೇಕು. ಹೆಂಗಸರೂ ಮಕ್ಕಳೂ ಜೊತೆಗೆ ಹೊರಡುತ್ತಾರೆ. ಎಳೆಯ ಉಣುಗು ಹಸಿದು ಕಾದಿರುವುದೂ ಇದೇ ಕಾಲದಲ್ಲಿ.

ರೈತ ಬಾಂಧವರೇ, ಉಣುಗು ನಿಮಗೆ ಹೊಸದಲ್ಲ. ಕಚ್ಚಿದರೆ ತುರಿಸುತ್ತದೆ, ಕಿತ್ತೆಸೆದರೆ ಮುಗಿಯಿತು ಎಂದು ನಮ್ಮ ಹಿರಿಯರು ಎಣಿಸಿದ್ದರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನ ಕಡು ಜ್ವರದಿಂದ ಮಲಗಿದರು, ಕೆಲವರು ತೀರಿಕೊಂಡರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ, ಇದೊಂದು ಹೊಸ ವೈರಸ್ಸೆಂದೂ ಉಣುಗಿನ ಕಡಿತದಿಂದ ಹರಡುತ್ತದೆಂದೂ ಕಂಡುಹಿಡಿದರು. ಲೋಕದ ವೈದ್ಯ ಗ್ರಂಥಗಳಲ್ಲಿ ಇದು ಕ್ಯಾಸನೂರು ಕಾಡಿನ ಕಾಯಿಲೆ. ನಮಗೆ ಮಂಗನ ಕಾಯಿಲೆ. ಹೆಸರು ಮಂಗನದಾದರೂ ಅದೂ ನಮ್ಮಂತೆ ಕಡಿತಕ್ಕೆ ಸಿಕ್ಕಿ ಸಾಯುವ ಪ್ರಾಣಿಯೇ.

ಉಣುಗಿನ ಬಾಳು ಹೇಗೆಂದು ತಿಳಿದರೆ ಎಚ್ಚರಿಕೆ ಎಲ್ಲಿರಬೇಕೆಂಬುದು ತಾನಾಗಿ ತಿಳಿಯುತ್ತದೆ. ಮಳೆಗಾಲದಲ್ಲಿ ಬಲಿತ ಉಣುಗು ದನದ ಮೈಯಲ್ಲಿ ರಕ್ತ ಹೀರಿ, ನೆಲಕ್ಕುದುರಿ, ತರಗೆಲೆಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಮಳೆ ನಿಂತ ಮೇಲೆ ಮರಿಗಳು ಹೊರಬಂದು ಇಲಿ, ಹಕ್ಕಿ, ಮಂಗಗಳ ಮೇಲೆ ಒಂದು ಸಲ ಉಂಡು ಪೊರೆ ಬಿಡುತ್ತವೆ. ಆಮೇಲಿನ ಎಳೆಯ ಉಣುಗೇ ಮನುಷ್ಯನಿಗೆ ಹೆಚ್ಚಾಗಿ ಕಚ್ಚುವುದು. ಅದು ಎಳ್ಳುಕಾಳಿಗಿಂತ ದೊಡ್ಡದಲ್ಲ; ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಆದ್ದರಿಂದ ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು ಭಯ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳೆಲ್ಲ ಅಲ್ಲಿಯೇ ಉದುರುತ್ತವೆ. ಆ ಜಾಗದಲ್ಲಿ ಸೌದೆ ಆರಿಸಿದವನಿಗೆ ಜ್ವರ ಕಾದಿದೆ ಎಂದೇ ತಿಳಿಯಿರಿ. ಸತ್ತ ಮಂಗವನ್ನು ಕಂಡರೆ ಮುಟ್ಟದೆ, ದನಗಳನ್ನೂ ಅತ್ತ ಬಿಡದೆ, ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ಪಂಚಾಯತಿಗೋ ಅಂದೇ ತಿಳಿಸತಕ್ಕದ್ದು.

ಕಾಡಿಗೆ ಹೋಗುವಾಗ ತುಂಬುತೋಳಿನ ಅಂಗಿ, ಉದ್ದ ಷರಾಯಿ ಇರಲಿ. ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಸೀರೆಯುಡುವ ಹೆಂಗಸರು ಒಳಗೊಂದು ಷರಾಯಿ ತೊಟ್ಟರೆ ಒಳ್ಳೆಯದು, ನಾಚಿಕೆ ಬೇಡ. ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ತೈಲವನ್ನು ಕಣ್ಣು ಬಾಯಿಗೆ ತಾಗದಂತೆ ಕೈಕಾಲು ಕುತ್ತಿಗೆಗೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕುಳಿತು ಬುತ್ತಿ ಬಿಚ್ಚುವುದು, ಒರಗಿ ನಿದ್ದೆ ಮಾಡುವುದು ಬೇಡ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಮೀಯಿರಿ. ಮಕ್ಕಳ ಕಂಕುಳು, ಕಿವಿಯ ಹಿಂದೆ, ಸೊಂಟ, ಮಂಡಿಯ ಸಂದು ನೋಡುವುದು ತಾಯಂದಿರ ಕೆಲಸ ಮಾತ್ರವಲ್ಲ, ತಂದೆಯೂ ನೋಡಬಹುದು.

ಉಣುಗು ಕಚ್ಚಿ ಹಿಡಿದಿದ್ದರೆ ಸೀಮೆಎಣ್ಣೆ ಸುರಿಯುವುದು, ಬೀಡಿಯಿಂದ ಸುಡುವುದು ಸಲ್ಲದು. ಚಿಮುಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರವಾಗಿ ಮೇಲಕ್ಕೆಳೆಯಿರಿ. ಉಗುರಿನಿಂದ ಹೊಸಕಬೇಡಿ. ಬಳಿಕ ಗಾಯವನ್ನೂ ಕೈಯನ್ನೂ ಸಾಬೂನಿನಿಂದ ತೊಳೆಯಿರಿ.

ದನಗಳು ಈ ಕಾಯಿಲೆಯಿಂದ ನರಳುವುದಿಲ್ಲ, ಆದರೆ ಉಣುಗನ್ನು ಸಾಕುತ್ತವೆ, ಹೊತ್ತು ತರುತ್ತವೆ. ಪಶುವೈದ್ಯರನ್ನು ಕೇಳಿ ಉಣುಗಿನ ಔಷಧಿ ಹಾಕಿಸಿ. ಮಂಗ ಸತ್ತ ಕಾಡಿನ ತರಗೆಲೆಯನ್ನು ಆ ವರ್ಷ ಕೊಟ್ಟಿಗೆಗೆ ತರಲೇಬೇಡಿ; ಹುಲ್ಲು ಹಾಸಿದರೂ ಗೊಬ್ಬರವಾಗುತ್ತದೆ.

ಈ ಕಾಯಿಲೆ ಸೊರಬದಲ್ಲೇ ನಿಂತಿಲ್ಲ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಚಿಕ್ಕಮಗಳೂರು ಕಡೆಗೂ ಹೋಯಿತು. 2012ರಲ್ಲಿ ಬಂಡೀಪುರದಲ್ಲಿ ಕಂಡಿತು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವು ಮನೆಗಳನ್ನು ಅಳಿಸಿತು. ಹಳೆಯ ಲಸಿಕೆ ಸಾಕಷ್ಟು ಫಲ ಕೊಡದ್ದರಿಂದ 2022ರಿಂದ ಅದನ್ನು ಹಾಕುತ್ತಿಲ್ಲ. ಕಡಿತ ತಪ್ಪಿಸುವುದೇ ಈಗ ಕೈಯಲ್ಲಿರುವ ಉಪಾಯ.

ಕಡಿತವಾಗಿ 3ರಿಂದ 8 ದಿನಗಳಲ್ಲಿ ಚಳಿಯೊಡನೆ ಜ್ವರ, ತೀವ್ರ ತಲೆನೋವು, ಸೊಂಟ ಕಾಲುಗಳ ನೋವು, ವಾಂತಿ ಬರುತ್ತವೆ; ಕೆಲವರಿಗೆ ಮೂಗು ಒಸಡುಗಳಲ್ಲಿ ರಕ್ತ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮರಳಿ ಬರುವುದೂ ಉಂಟು. ನೂರು ರೋಗಿಗಳಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೆಂದೇ ಮದ್ದಿಲ್ಲದಿದ್ದರೂ ಬೇಗ ಆಸ್ಪತ್ರೆ ಸೇರಿದವರನ್ನು ಆರೈಕೆಯಿಂದ ಉಳಿಸಬಹುದು. ರೋಗಿಯಿಂದ ಮನೆಯವರಿಗೆ ಅಂಟುವುದಿಲ್ಲ, ಆದಕಾರಣ ದೂರವಿಡಬೇಡಿ. ಅಂಗಡಿಯಿಂದ ಆಸ್ಪಿರಿನ್, ಬ್ರೂಫೆನ್ ತಂದು ನುಂಗಿಸಬೇಡಿ, ರಕ್ತಸ್ರಾವ ಹೆಚ್ಚಬಹುದು. ಆರೋಗ್ಯ ಕೇಂದ್ರದಲ್ಲಿ ವೈದ್ಯರಿಗೆ, ಇಂಥ ದಿನ ಇಂಥ ಕಾಡಿಗೆ ಹೋಗಿದ್ದೆ ಎಂದು ಮೊದಲೇ ಹೇಳಿ; ರಕ್ತ ಪರೀಕ್ಷೆ ಯಾವುದಕ್ಕೆ ಮಾಡಿಸಬೇಕೆಂದು ಅವರಿಗೆ ಅದರಿಂದಲೇ ತಿಳಿಯುವುದು.