ನಿಮಗಿದು ಗೊತ್ತೇ? ಎದೆಹಾಲಿಗೂ ಬ್ಯಾಂಕ್ ಇದೆ!

ಇ-ಕೋಲಿ ಬ್ಯಾಕ್ಟೀರಿಯಾದ ಹೆಸರು ಕೇಳಿದ್ದೀರಲ್ಲ? 1885ರಲ್ಲಿ ಹಸುಗೂಸುಗಳ ಮಲ ಪರೀಕ್ಷೆ ಮಾಡುತ್ತಾ ಅದನ್ನು ಪತ್ತೆ ಹಚ್ಚಿದವರು ಮಕ್ಕಳ ವೈದ್ಯ ಥಿಯೋಡರ್ ಎಶರಿಷ್. ಅದೇ ಡಾಕ್ಟರು 1909ರಲ್ಲಿ ವಿಯೆನ್ನಾದಲ್ಲಿ ಇನ್ನೊಂದು ಕೆಲಸ ಮಾಡಿದರು. ಜಗತ್ತಿನ ಮೊಟ್ಟಮೊದಲ ಎದೆಹಾಲಿನ ಬ್ಯಾಂಕ್ ತೆರೆದರು!

ಅದಕ್ಕೂ ಮೊದಲು ತಾಯಿಹಾಲು ಸಿಗದ ಕೂಸುಗಳ ಗತಿ ಏನಾಗಿತ್ತು? 1880ರ ದಶಕದಲ್ಲಿ ಪ್ಯಾರಿಸ್‌ನ ಅನಾಥ ಶಿಶುಗಳ ಆಸ್ಪತ್ರೆಯೊಂದು ಕತ್ತೆಗಳನ್ನೇ ಸಾಕಿಕೊಂಡಿತ್ತು! ಸಿಫಿಲಿಸ್ ಅಂಟಿದ್ದ ಕೂಸುಗಳಿಗೆ ಹಾಲೂಡಿಸಿದರೆ ದಾದಿಯರಿಗೂ ರೋಗ ತಗಲುವ ಭಯ. ಹಾಗಾಗಿ ನರ್ಸ್ ಕೂಸನ್ನು ಎತ್ತಿ ಹಿಡಿದು ನೇರವಾಗಿ ಕತ್ತೆಯ ಕೆಚ್ಚಲಿಗೇ ಬಾಯಿ ಹಚ್ಚಿಸುತ್ತಿದ್ದಳು. ನಮ್ಮ ಬೀದಿಗಳಲ್ಲೂ ಕತ್ತೆ ಹೊಡೆದುಕೊಂಡು ಬಂದು, ಅಲ್ಲೇ ಹಾಲು ಕರೆದು, ಚಮಚದಲ್ಲಿ ಅಳೆದು ಮಾರುವವರನ್ನು ನೀವು ನೋಡಿರುತ್ತೀರಿ. (ಹಸುಗೂಸಿಗೆ ಅದನ್ನು ಕುಡಿಸಬೇಡಿ ಎನ್ನುತ್ತಾರೆ ಮಕ್ಕಳ ವೈದ್ಯರು. ದಯವಿಟ್ಟು ಅವರ ಮಾತು ಕೇಳಿ!)

ಬೇರೆ ಹೆಣ್ಣಿನ ಹಾಲು ಕುಡಿಸುವ ಮೊದಲು ಅದನ್ನು ಪರೀಕ್ಷಿಸಬೇಕು ಅನ್ನುವುದು ಇವತ್ತಿನ ಮಾತಲ್ಲ. ಸುಶ್ರುತ ಸಂಹಿತೆಯಲ್ಲೇ ಅದಕ್ಕೊಂದು ಪರೀಕ್ಷೆ ಇದೆ. ನೀರಿಗೆ ಬಿಟ್ಟಾಗ ಹಾಲು ತೇಲಬಾರದು, ಮುಳುಗಬಾರದು, ನೊರೆ ಏಳಬಾರದು. ನೀರಿನೊಂದಿಗೆ ಒಂದಾಗಿ ಬೆರೆತರೆ ಒಳ್ಳೆಯ ಹಾಲು!

1934ರ ಮೇ 28. ಕೆನಡಾದ ಒಂಟಾರಿಯೊದಲ್ಲಿ ಒಂದೇ ಬಸುರಿನಲ್ಲಿ ಐದು ಹೆಣ್ಣುಮಕ್ಕಳು ಹುಟ್ಟಿದರು. ಐವರನ್ನೂ ಒಟ್ಟಿಗೆ ತೂಗಿದರೂ ಸುಮಾರು 6 ಕಿಲೋ! ಇವರು ಬದುಕುತ್ತಾರೆಂದು ಯಾರು ನಂಬುತ್ತಾರೆ? ಟೊರಾಂಟೊದಂಥ ದೂರದ ನಗರಗಳ ತಾಯಂದಿರು ಹಾಲು ಕೊಟ್ಟರು. ಅದು ರೈಲಿನಲ್ಲಿ ಬಂತು. ಡಿಯೋನ್ ಸಹೋದರಿಯರೆಂದು ಹೆಸರಾದ ಈ ಐವರೂ ಉಳಿದರು. ಹಾಗೆ ಐವರೂ ಉಳಿದದ್ದು ಚರಿತ್ರೆಯಲ್ಲಿ ಗೊತ್ತಿರುವಂತೆ ಅದೇ ಮೊದಲು!

ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಎಲ್ಲಿ ಹೇಳಿ? ಜಪಾನ್ ಅಲ್ಲ, ಸಿಂಗಪುರ ಅಲ್ಲ. ನಮ್ಮ ಮುಂಬೈ! ಧಾರಾವಿಯ ಪಕ್ಕದಲ್ಲೇ ಇರುವ ಸಯಾನ್ ಆಸ್ಪತ್ರೆಯಲ್ಲಿ 1989ರ ನವೆಂಬರ್ 27ರಂದು ಡಾ. ಆರ್ಮಿಡಾ ಫರ್ನಾಂಡಿಸ್ ಇದನ್ನು ಶುರು ಮಾಡಿದರು. ಇಟ್ಟ ಹೆಸರು 'ಸ್ನೇಹಾ'. ಆ ಕಾಲವನ್ನು ನೆನಪಿಸಿಕೊಳ್ಳಿ. ಏಡ್ಸ್ ಹೆದರಿಕೆಯಿಂದ ಬೇರೆ ದೇಶಗಳು ಇದ್ದ ಬ್ಯಾಂಕ್‌ಗಳಿಗೂ ಬೀಗ ಹಾಕುತ್ತಿದ್ದವು. ಅಂಥ ಹೊತ್ತಿನಲ್ಲಿ ಬಡವರ ಪಾಲಿನ ಆಸ್ಪತ್ರೆಯೊಂದು ಬಾಗಿಲು ತೆರೆಯಿತು! ಈಗ ಅಂಥ ಬ್ಯಾಂಕ್ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಇದೆ, ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲೂ ಇದೆ.

ಬ್ಯಾಂಕ್ ಒಳಗೆ ಏನು ನಡೆಯುತ್ತದೆ? ಬನ್ನಿ, ಇಣುಕಿ ನೋಡೋಣ. ಮೊದಲು ದಾನಿಯ ರಕ್ತಪರೀಕ್ಷೆ. ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಯಾವುದೂ ಇರಕೂಡದು. ಪಂಪ್‌ನಿಂದ ತೆಗೆದ ಹಾಲು ಬಾಟಲಿಗಳಿಗೆ ಇಳಿಯುತ್ತದೆ. ಬಾಟಲಿಗಳು ಬಿಸಿನೀರಿನ ತೊಟ್ಟಿಗೆ ಇಳಿಯುತ್ತವೆ. 62.5 ಡಿಗ್ರಿ, ಸರಿಯಾಗಿ 30 ನಿಮಿಷ! ಆಮೇಲೆ ಥಟ್ಟನೆ ತಣ್ಣಗೆ ಮಾಡಬೇಕು. ಒಂದಿಷ್ಟು ಮಾದರಿ ಲ್ಯಾಬಿಗೆ ಹೋಗುತ್ತದೆ. ಅದರಲ್ಲಿ ರೋಗಾಣು ಬೆಳೆಯಿತೋ, ಆ ಕಂತಿನ ಹಾಲಷ್ಟೂ ಚರಂಡಿಗೆ. ಪಾಸಾದರೆ ಚೀಟಿ ಅಂಟಿಸಿ ಮೈನಸ್ 20 ಡಿಗ್ರಿಯ ಫ್ರೀಜರ್‌ಗೆ!

ಕುದಿಸಿಬಿಟ್ಟರೆ ಆಗದೇ ಎಂದಿರಾ? ಆಗದು! ಕುದಿಸಿದರೆ ಒಳ್ಳೆಯದೂ ಹಾಳು. 62.5 ಡಿಗ್ರಿಯಲ್ಲಿ ಎಚ್‌ಐವಿ ವೈರಸ್ ಉಳಿಯುವುದಿಲ್ಲ, ಹಾಲಿನ ವಿಶೇಷ ಸಕ್ಕರೆಗಳು ಮಾತ್ರ ಹಾಗೇ ಉಳಿಯುತ್ತವೆ.

ಆ ಸಕ್ಕರೆಗಳ ಕಥೆ ಇನ್ನೂ ಸೋಜಿಗ. ಎದೆಹಾಲಿನಲ್ಲಿ ಅವು ಧಾರಾಳವಾಗಿವೆ. ಆದರೆ ಕೂಸಿಗೆ ಅವನ್ನು ಅರಗಿಸಿಕೊಳ್ಳಲು ಬರುವುದೇ ಇಲ್ಲ! ಮತ್ತೆ ಯಾರಿಗೆ ಆ ಊಟ? ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ! ತಾಯಿ ಒಂದೇ ಹಾಲಿನಲ್ಲಿ ಮಗುವನ್ನೂ ಸಾಕುತ್ತಾಳೆ, ಮಗುವನ್ನು ಕಾಯುವ ಜೀವಾಣುಗಳನ್ನೂ ಸಾಕುತ್ತಾಳೆ.

ನಾರ್ವೆಯವರಂತೂ ಬಿಸಿ ಮಾಡುವ ಗೋಜಿಗೇ ಹೋಗುವುದು ಕಮ್ಮಿ. ದಾನಿಗಳನ್ನೂ ಹಾಲನ್ನೂ ಚೆನ್ನಾಗಿ ಪರೀಕ್ಷಿಸಿ ಹಸಿಹಾಲನ್ನೇ ಕೊಡುತ್ತಾರೆ!

ಈ ಹಾಲು ಸೇರುವುದು ಯಾರ ಹೊಟ್ಟೆಗೆ? ಹೆಚ್ಚಾಗಿ ದಿನ ತುಂಬದೆ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ ಕೂಸುಗಳಿಗೆ. ಒಂದು ಕಿಲೋ ತೂಗುವ ಕೂಸಿಗೆ ಚೀಪಿ ನುಂಗುವ ಶಕ್ತಿ ಇರುವುದಿಲ್ಲ. ತೆಳ್ಳನೆಯ ನಳಿಗೆಯಲ್ಲಿ, ಸಿರಿಂಜ್‌ನಿಂದ, ಎರಡು ಗಂಟೆಗೊಮ್ಮೆ ಒಂದೊಂದು ಮಿಲಿಲೀಟರ್! ಮೊದಮೊದಲು ಇಡೀ ದಿನಕ್ಕೆ ಬೇಕಾಗುವುದು ಬರೀ 10ರಿಂದ 20 ಮಿಲಿಲೀಟರ್. ನಾಲ್ಕು ಟೀ ಚಮಚ ತುಂಬಿದರೆ ದಿನದ ಊಟ ಮುಗಿಯಿತು!

ಡಬ್ಬಿಯ ಪುಡಿ ಹಾಲು ಸಾಲದೇ? ಇಷ್ಟು ಎಳೆಯ ಕರುಳಿಗೆ ಅದು ಕಷ್ಟ. ಕರುಳಿನ ಗೋಡೆಯೇ ಕೊಳೆಯುವ ಒಂದು ಘೋರ ಕಾಯಿಲೆ ಇದೆ. ದಾನದ ಎದೆಹಾಲು ಕುಡಿದವರಿಗಿಂತ ಡಬ್ಬಿ ಹಾಲು ಕುಡಿದ ಎಳೆಗೂಸುಗಳಲ್ಲಿ ಅದರ ಅಪಾಯ ಸುಮಾರು ಎರಡು ಪಟ್ಟು! ಎಲ್ಲಕ್ಕಿಂತ ಮೇಲು ಹೆತ್ತ ತಾಯಿಯದೇ ಹಾಲು ಅನ್ನಿ. ದಿನ ತುಂಬದೆ ಹೆತ್ತವಳ ಹಾಲಿನಲ್ಲಿ ಪ್ರೋಟೀನ್ ಹೆಚ್ಚಿರುತ್ತದೆ. ಮಗು ಬೇಗ ಬಂತೆಂದು ಮೈಗೆ ತಾನೇ ಗೊತ್ತಾದ ಹಾಗೆ!

ಉದಯಪುರದ ಬ್ಯಾಂಕ್ ಇರುವ ಆಸ್ಪತ್ರೆಯ ಹೆಸರು ಕೇಳಿದರೆ ರೋಮಾಂಚನವಾಗುತ್ತದೆ. ಪನ್ನಾ ದಾಯಿ ಆಸ್ಪತ್ರೆ! ರಾಜಕುಮಾರ ಉದಯಸಿಂಗನಿಗೆ ಹಾಲೂಡಿಸಿ, ಅವನನ್ನು ಉಳಿಸಲು ಹೆತ್ತ ಮಗನನ್ನೇ ಕಳೆದುಕೊಂಡ ದಾದಿ ಆಕೆ. ಆ ಉದಯಸಿಂಗನೇ ಮುಂದೆ ಉದಯಪುರ ಕಟ್ಟಿದ್ದು!

ಬ್ರೆಜಿಲ್‌ನಲ್ಲಿ 200ಕ್ಕೂ ಹೆಚ್ಚು ಎದೆಹಾಲಿನ ಬ್ಯಾಂಕ್‌ಗಳಿವೆ. ರಾಜಧಾನಿ ಬ್ರೆಸಿಲಿಯಾದಲ್ಲಿ ಮನೆಮನೆಗೆ ಹೋಗಿ ಹಾಲು ಸಂಗ್ರಹಿಸುವವರು ಯಾರು ಗೊತ್ತೇ? ಅಗ್ನಿಶಾಮಕ ದಳದವರು! ಹಾಲು ತುಂಬಿಕೊಡುವುದು ಯಾವುದರಲ್ಲಿ? ಖಾಲಿಯಾದ ಕಾಫಿಪುಡಿಯ ಗಾಜಿನ ಬಾಟಲಿಯಲ್ಲಿ. ಕುದಿಸಿ ಶುದ್ಧ ಮಾಡಿದರೆ ಅದೇ ಸಾಕು! ಬ್ರಿಟನ್‌ನಲ್ಲಿ ಈ ಕೆಲಸಕ್ಕೆ ಮೋಟಾರ್‌ಬೈಕ್ ಸವಾರರಿದ್ದಾರೆ. ಸಂಬಳವಿಲ್ಲ, ಸ್ವಂತ ಖುಷಿಗೆ.

ಇಸ್ಲಾಂನಲ್ಲಿ ಒಬ್ಬಳೇ ತಾಯಿಯ ಹಾಲು ಕುಡಿದು ಬೆಳೆದವರು ಒಡಹುಟ್ಟಿದವರಂತೆ. ಅವರಲ್ಲಿ ಮದುವೆ ನಿಷಿದ್ಧ. ಹಾಗಾದರೆ ಬ್ಯಾಂಕ್ ಹಾಲು? ಸಿಂಗಪುರದಲ್ಲಿ 2017ರಲ್ಲಿ ಬ್ಯಾಂಕ್ ಶುರುವಾದಾಗ ಅಲ್ಲಿನ ಧಾರ್ಮಿಕ ಮಂಡಳಿ ಚರ್ಚಿಸಿ, ದಿನ ತುಂಬದ ಕೂಸುಗಳಿಗೆ ಕೊಡಬಹುದೆಂದು ಫತ್ವಾ ಹೊರಡಿಸಿತು!

ಬ್ಯಾಂಕ್ ಇಲ್ಲದ ಕಡೆಯೂ ಹಾಲು ಹರಿದಿದೆ. 2018ರಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಯಾರೋ ಬಿಟ್ಟುಹೋದ ನವಜಾತ ಶಿಶುವನ್ನು ಠಾಣೆಗೆ ತಂದರು. ಹೆರಿಗೆ ರಜೆ ಮುಗಿಸಿ ಆಗಷ್ಟೇ ಕೆಲಸಕ್ಕೆ ಬಂದಿದ್ದ ಕಾನ್‌ಸ್ಟೇಬಲ್ ಒಬ್ಬರು ಮಗುವಿನ ಅಳು ಕೇಳಲಾರದೆ ಎತ್ತಿಕೊಂಡು ಹಾಲೂಡಿಸಿದರು. ಠಾಣೆಯಲ್ಲೇ!

ಮನಸ್ಸು ತುಂಬಿ ಬರುವ ಸಂಗತಿಯೂ ಇದೆ. ಕೂಸನ್ನು ಕಳೆದುಕೊಂಡ ತಾಯಿಯ ಎದೆಯಲ್ಲಿ ಹಾಲು ಒಮ್ಮೆಲೇ ನಿಲ್ಲುವುದಿಲ್ಲ. ಅಂಥ ಎಷ್ಟೋ ತಾಯಂದಿರು ಆ ಹಾಲನ್ನು ಬ್ಯಾಂಕಿಗೆ ಕೊಡುತ್ತಾರೆ.

ಭಾರತದಲ್ಲಿ ಎದೆಹಾಲನ್ನು ಮಾರುವಂತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಇದನ್ನು ಮತ್ತೆ ಕಟ್ಟುನಿಟ್ಟಾಗಿ ಹೇಳಿದೆ. ಆರೋಗ್ಯವಂತ ಬಾಣಂತಿ, ತನ್ನ ಮಗುವಿಗೆ ಸಾಕಾಗಿ ಮಿಕ್ಕಿದ್ದನ್ನು ದಾನವಾಗಿಯೇ ಕೊಡಬೇಕು. ಮೇ 19 ಅಂಥ ದಾನಿಗಳ ವಿಶ್ವ ದಿನ!

ಇನ್ನು ಗಿನ್ನೆಸ್ ದಾಖಲೆ. ಅಮೆರಿಕದ ಟೆಕ್ಸಾಸ್‌ನ ಒಬ್ಬ ತಾಯಿ 2023ರ ಹೊತ್ತಿಗೆ ದಾನ ಕೊಟ್ಟದ್ದು 2,645 ಲೀಟರ್! ದಿನಕ್ಕೆ 20 ಮಿಲಿಲೀಟರ್‌ನಂತೆ ಲೆಕ್ಕ ಹಾಕಿ. 1 ಲಕ್ಷ 32 ಸಾವಿರ ಕೂಸುಗಳಿಗೆ ಒಂದೊಂದು ದಿನದ ಊಟ!