ಸಿಗರೇಟು ಪೊಟ್ಟಣದೊಳಗಿನ ನಟಿ

ಕಿತ್ತೂರು, ಬೈಲಹೊಂಗಲದ ಕಡೆಯ ಹಿರಿಯರನ್ನು ಕೇಳಿ ನೋಡಿ. ಚಿಕ್ಕಂದಿನಲ್ಲಿ ಖಾಲಿ ಸಿಗರೇಟು ಪ್ಯಾಕು, ಕಡ್ಡಿಪೆಟ್ಟಿಗೆಯ ಚಿತ್ರಗಳನ್ನು ಆರಿಸಿ ಕೂಡಿಡದವರು ವಿರಳ. ಮಕ್ಕಳ ಈ ಹುಚ್ಚನ್ನೇ ಬಂಡವಾಳ ಮಾಡಿಕೊಂಡವರೂ ಇದ್ದರು!

1880ರ ದಶಕದಲ್ಲಿ ಸಿಗರೇಟು ಸಿಗುತ್ತಿದ್ದುದು ತೆಳು ಕಾಗದದ ಪೊಟ್ಟಣಗಳಲ್ಲಿ. ಜೇಬಿನಲ್ಲಿ ನುಗ್ಗಾಗದಿರಲೆಂದು ಒಳಗೊಂದು ರಟ್ಟಿನ ತುಂಡು ಇಡುತ್ತಿದ್ದರು. ಬರೀ ರಟ್ಟೇಕೆ? ಅಮೆರಿಕದ ಅಲೆನ್ ಅಂಡ್ ಜಿಂಟರ್ ಮೊದಲಾದ ಕಂಪನಿಗಳು ಅದರ ಮೇಲೆ ರಂಗನಟಿಯರ ಚಿತ್ರ ಅಚ್ಚು ಹಾಕಿಸಿದವು. ಇಂಗ್ಲೆಂಡಿನ ವಿಲ್ಸ್, ಆಗ್ಡೆನ್ಸ್ ಕಂಪನಿಗಳೂ ಚಿತ್ರದ ಕಾರ್ಡು ಹಂಚಿದವು. 25 ಅಥವಾ 50 ಕಾರ್ಡುಗಳಿಗೆ ಒಂದು ಮಾಲೆ. ಯಾವ ಪೊಟ್ಟಣದಲ್ಲಿ ಯಾರಿದ್ದಾರೆಂಬುದು ಒಡೆದ ಮೇಲೆಯೇ ಗೊತ್ತಾಗುತ್ತಿತ್ತು. ಮಾಲೆ ಪೂರ್ತಿಯಾಗಬೇಕೇ? ಮತ್ತೆ ಕೊಳ್ಳಬೇಕು. ಸೇದುವವರು ಅಪ್ಪಂದಿರು, ಕಾರ್ಡಿಗಾಗಿ ಕಾಡುವವರು ಮಕ್ಕಳು! ಎರಡನೆಯ ಮಹಾಯುದ್ಧದ ಕಾಗದದ ಅಭಾವದಿಂದ 1940ರ ಸುಮಾರಿಗೆ ಬ್ರಿಟನ್ನಿನಲ್ಲಿ ಈ ಕಾರ್ಡುಗಳು ನಿಂತವು. ನಮ್ಮಲ್ಲಿ 2003ರ ಕಾಯ್ದೆ ತಂಬಾಕಿನ ಜಾಹೀರಾತನ್ನೂ 18 ತುಂಬದವರಿಗೆ ಅದರ ಮಾರಾಟವನ್ನೂ ನಿಷೇಧಿಸಿತು. 2009ರಿಂದ ಪೊಟ್ಟಣದ ಮೇಲೆ ರೋಗದ ಎಚ್ಚರಿಕೆಯ ಚಿತ್ರ ಬಂತು.

ಭಾರತದಲ್ಲಿ ಹೀಗೆ ಸರಕಿನ ಮೇಲೇರಿದ ಮುಖ ಗಾಯಕಿ ಗೌಹರ್ ಜಾನ್ ಅವರದು. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮೊಫೋನಿಗೆ ಹಾಡಿ ಹೆಸರಾದ ಅವರ ಚಿತ್ರ ದೂರದ ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣಗಳ ಮೇಲೂ ಬಂತು. ಆದರೆ ಕೊನೆಗಾಲದಲ್ಲಿ ಆಸರೆಯಾದದ್ದು ನಮ್ಮ ಮೈಸೂರು ಅರಮನೆ. 1928ರಲ್ಲಿ ಆಸ್ಥಾನಕ್ಕೆ ಬಂದ ಅವರು 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ನಮ್ಮ ಕಂಪನಿ ನಾಟಕಗಳ ಪಾಡೇನು? ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಚಿಕ್ಕ ವಯಸ್ಸಿನಲ್ಲಿ ಸ್ತ್ರೀಪಾತ್ರ ಮಾಡಿದವರು. ಮುಂದೆ ಕಲಾವೈಭವ ನಾಟ್ಯ ಸಂಘ ಕಟ್ಟಿದರು, ಬಸವೇಶ್ವರರ ಪಾತ್ರದಿಂದ ಮನೆಮಾತಾದರು, 2017ರವರೆಗೆ ಬಾಳಿದರು. ಕಂಪನಿಗಳ ಜಾಹೀರಾತೆಂದರೆ ಬಣ್ಣದ ತೆಳು ಹ್ಯಾಂಡ್‌ಬಿಲ್ಲು. ಸಂತೆಯಲ್ಲಿ ಹಂಚಿದ್ದು ಮರುದಿನ ಚುರುಮುರಿ ಕಟ್ಟಲು ಬಳಕೆಯಾದರೆ ಆಶ್ಚರ್ಯವೇನು? ಅದಕ್ಕೆ ಮಾಲೆಯಿಲ್ಲ, ಸಂಖ್ಯೆಯಿಲ್ಲ. ಮಕ್ಕಳು ಕೂಡಿಡುವಂಥ ಗಟ್ಟಿ ರಟ್ಟೂ ಅಲ್ಲ.

ಅಮೆರಿಕದ ಜೆಫರ್ಸನ್ ಬರ್ಡಿಕ್ ಎಂಬಾತ ಸಿಗರೇಟು ಕಾರ್ಡು, ಅಂಚೆಕಾರ್ಡು, ಚೀಟಿಗಳನ್ನು ಕೂಡಿಟ್ಟು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟ. ಮೂರು ಲಕ್ಷಕ್ಕೂ ಮಿಕ್ಕಿದ ಆ ರಾಶಿಯಲ್ಲಿ, ರಂಗದಿಂದ ಎಂದೋ ಮರೆಯಾದ ನಟಿಯರು ಇಂದಿಗೂ ಹೆಸರಿನೊಡನೆ ಸಿಗುತ್ತಾರೆ.

ಈ ಸಲ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಜ್ಜನ ಟ್ರಂಕಿನ ತಳಕ್ಕೆ ಹಾಸಿದ ಕಾಗದವನ್ನು ಎಸೆಯುವ ಮೊದಲು ಒಮ್ಮೆ ಮಗುಚಿ ನೋಡಿ. ಹ್ಯಾಂಡ್‌ಬಿಲ್ಲು ಇದ್ದರೂ ಇದ್ದೀತು.