ಚಪ್ಪಲಿ ಸ್ಟ್ಯಾಂಡಿನ ಟೋಕನ್: ವೆಬ್ ಫಾರಂ ಮತ್ತು ಸೆಷನ್ ಕುರಿತು ನಾನು ಕಲಿತದ್ದು

ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೇ ತರಗತಿಗೆ ‘ಬಲ ಮತ್ತು ಚಲನೆಯ ನಿಯಮಗಳು’ ಘಟಕ ಮುಗಿಸಿದ ಮೇಲೆ, ಮೌಲ್ಯಮಾಪನಕ್ಕೆಂದು ಪಿಎಚ್‌ಪಿಯಲ್ಲಿ ಹತ್ತು ಪ್ರಶ್ನೆಗಳ ರಸಪ್ರಶ್ನೆಯೊಂದನ್ನು ತಯಾರಿಸಿದ್ದೆ. ಪ್ರಯೋಗಾಲಯದ ಒಂದು ಕಂಪ್ಯೂಟರ್ ಸರ್ವರ್. ಉಳಿದ ಕಂಪ್ಯೂಟರ್‌ಗಳ ಬ್ರೌಸರ್‌ನಲ್ಲಿ ಮಕ್ಕಳು ಉತ್ತರಿಸಬೇಕು. ಪುಟಕ್ಕೊಂದು ಪ್ರಶ್ನೆ, ಪ್ರಶ್ನೆಗೆ ನಾಲ್ಕು ಆಯ್ಕೆ. ಕೊನೆಗೆ ಅಂಕಪಟ್ಟಿ ತೆರೆದು ನೋಡಿದರೆ, ಒಬ್ಬ ಹುಡುಗನ ಹೆಸರಿನ ಮುಂದೆ ಹತ್ತಕ್ಕೆ 99 ಅಂಕ!

ಎಲ್ಲರೆದುರೇ ಅವನನ್ನು ಗದರಿಸಿ ಸೊನ್ನೆ ಹಾಕಿದೆ. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಅವನು ಅದನ್ನು ಹೇಗೆ ಮಾಡಿದ ಅಂತ ಕೇಳಿದಿರಾ?” ನಾನು ಕೇಳಿರಲಿಲ್ಲ.

ಮರುದಿನ ಕೇಳಿದೆ. “ಮಿಸ್, ಪುಟದ ಮೇಲೆ ರೈಟ್ ಕ್ಲಿಕ್ ಮಾಡಿದೆ. ಒಳಗೆ ಮಾರ್ಕ್ಸ್ ಅಂತ ಇತ್ತು, ಪಕ್ಕದಲ್ಲಿ 6 ಇತ್ತು. 98 ಮಾಡಿದರೆ ಏನಾಗುತ್ತೆ ಅಂತ ನೋಡಿದೆ.” ಕೊನೆಯ ಉತ್ತರ ಸರಿಯಾಗಿದ್ದುದರಿಂದ ನನ್ನ ಪ್ರೋಗ್ರಾಂ ಅದಕ್ಕೆ ಒಂದು ಸೇರಿಸಿ 99 ಮಾಡಿತ್ತು.

ತಪ್ಪು ಎಲ್ಲಿತ್ತು? ವೆಬ್ ಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ ನಿಯಮಾವಳಿಗೆ ನೆನಪಿಲ್ಲ. ಬ್ರೌಸರ್ ಕಳಿಸುವ ಪ್ರತಿಯೊಂದು ಕೋರಿಕೆಯೂ ಸರ್ವರ್‌ಗೆ ಹೊಸದು. ಮೂರನೇ ಪ್ರಶ್ನೆಗೆ ಉತ್ತರಿಸಿದವನೇ ನಾಲ್ಕನೆಯದಕ್ಕೂ ಉತ್ತರಿಸುತ್ತಿದ್ದಾನೆ ಎಂಬುದು ಅದಕ್ಕೆ ತಾನಾಗಿ ತಿಳಿಯದು. ಆದ್ದರಿಂದ ಅಲ್ಲಿಯವರೆಗಿನ ಅಂಕವನ್ನು ಪ್ರತಿ ಪುಟದ ಫಾರಂನಲ್ಲಿ ಒಂದು ‘ಹಿಡನ್’ ಕ್ಷೇತ್ರವಾಗಿ ಇಟ್ಟಿದ್ದೆ. ಹಿಡನ್ ಎಂದರೆ ಪರದೆಯ ಮೇಲೆ ಕಾಣದು ಎಂದಷ್ಟೇ ಅರ್ಥ. ಅದು ವಿದ್ಯಾರ್ಥಿಯ ಬ್ರೌಸರ್‌ಗೆ ಹೋಗಿ ಮರಳಿ ಬರುತ್ತದೆ. ಅಂಕಪಟ್ಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಮಗುವಿನ ಕೈಗೇ ಕೊಟ್ಟು ತರಿಸಿಕೊಂಡಂತೆ.

ಫಾರಂನ ಮಾಹಿತಿಯನ್ನು ಬಿಡಿಸಿ ಹೆಸರು–ಬೆಲೆ ಜೋಡಿಗಳಾಗಿ ‘ಪೋಸ್ಟ್’ ಎಂಬ ಅರೇಯಲ್ಲಿ ಇಡುವ ಕೆಲಸವನ್ನು ಪಿಎಚ್‌ಪಿಯೇ ಮಾಡುತ್ತದೆ. ಅದನ್ನು ಪರೀಕ್ಷಿಸಲು ‘ಫಿಲ್ಟರ್’ ಸೌಲಭ್ಯವೂ ಇದೆ. ಬಂದದ್ದು ಪೂರ್ಣಾಂಕವೇ, 1ರಿಂದ 4ರೊಳಗಿದೆಯೇ ಎಂದು ಅದು ನೋಡಿ, ಅಲ್ಲದಿದ್ದರೆ ತಿರಸ್ಕರಿಸುತ್ತದೆ. ಅಂಕ 10ನ್ನು ಮೀರಬಾರದೆಂಬ ಮಿತಿ ಹಾಕಿದರೆ ಸಾಕೆಂದು ಮೊದಲು ಅಂದುಕೊಂಡೆ. ಆಗ 99 ಸಿಕ್ಕಿಬೀಳುತ್ತದೆ, ನಿಜ. ಆದರೆ 6ನ್ನು 9 ಮಾಡಿದರೆ? ಪರೀಕ್ಷೆಯು ಬೆಲೆಯ ರೂಪ ಸರಿಯಿದೆಯೇ ಎಂದು ಹೇಳಬಲ್ಲದು. ಅದು ನಿಜವೇ ಎಂದು ಹೇಳಲಾರದು. ಆಯ್ಕೆಮಾಡಿದ ಉತ್ತರ ವಿದ್ಯಾರ್ಥಿಯಿಂದಲೇ ಬರಬೇಕು, ಅದನ್ನು ಪರೀಕ್ಷಿಸಿ ಸ್ವೀಕರಿಸಬಹುದು. ಅಂಕ ಮಾತ್ರ ಅವನ ಕೈಗೆ ಹೋಗಲೇಬಾರದು.

ಇಲ್ಲಿ ನೆರವಿಗೆ ಬರುವುದು ಸೆಷನ್. ಮಕ್ಕಳಿಗೆ ಇದನ್ನು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಉದಾಹರಣೆಯಿಂದ ವಿವರಿಸಿದೆ. ಚಪ್ಪಲಿ ಸ್ಟ್ಯಾಂಡಿನಲ್ಲಿರುತ್ತದೆ, ನಮ್ಮ ಕೈಯಲ್ಲಿರುವುದು ಸಂಖ್ಯೆಯ ಟೋಕನ್ ಮಾತ್ರ. ಹಾಗೆಯೇ ‘ಸೆಷನ್_ಸ್ಟಾರ್ಟ್’ ಎಂದು ಕರೆದಾಗ ಪಿಎಚ್‌ಪಿ ಒಂದು ಗುರುತನ್ನು ಸೃಷ್ಟಿಸಿ ಕುಕಿಯಲ್ಲಿಟ್ಟು ಬ್ರೌಸರ್‌ಗೆ ಕೊಡುತ್ತದೆ. ಅಂಕ ಸರ್ವರ್‌ನಲ್ಲೇ ಉಳಿಯುತ್ತದೆ. ಮುಂದಿನ ಪ್ರತಿ ಕೋರಿಕೆಯೊಂದಿಗೂ ಬ್ರೌಸರ್ ಆ ಟೋಕನ್ ತೋರಿಸುತ್ತದೆ. ಗುರುತು 1, 2, 3 ಎಂದಿದ್ದರೆ ಪಕ್ಕದವನ ಸಂಖ್ಯೆಯನ್ನು ಊಹಿಸಿಬಿಡಬಹುದು. ಅದಕ್ಕೇ ಅದು ಊಹೆಗೆ ನಿಲುಕದ ಉದ್ದದ ಅಕ್ಷರಮಾಲೆಯಾಗಿರುತ್ತದೆ. ಕುಕಿಯನ್ನು 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲ್ಲಿ ರೂಪಿಸಿದರು. 2000ದಲ್ಲಿ ಬಂದ ಪಿಎಚ್‌ಪಿ 4ರಿಂದ ಸೆಷನ್ ಸೌಲಭ್ಯ ಆ ಭಾಷೆಯಲ್ಲೇ ಇದೆ.

ತಿದ್ದಿದ ರಸಪ್ರಶ್ನೆಯಲ್ಲಿ ಮತ್ತೊಂದು ಎಡವಟ್ಟಾಯಿತು. ಕಂಪ್ಯೂಟರ್‌ಗಳು ಕಡಿಮೆಯಿದ್ದುದರಿಂದ ಮಕ್ಕಳು ಎರಡು ಸರದಿಯಲ್ಲಿ ಕೂತಿದ್ದರು. ಎರಡನೇ ಸರದಿಯ ಒಬ್ಬ ಹುಡುಗಿ ಬರೆದ ಉತ್ತರಗಳೆಲ್ಲ ಮೊದಲ ಸರದಿಯವಳ ಹೆಸರಿಗೆ ಜಮೆಯಾದವು. ಸೆಷನ್‌ನಲ್ಲಿ ಹೆಸರಿದ್ದರೆ ಹೆಸರು ಕೇಳುವ ಪುಟವನ್ನು ದಾಟಿಸುವಂತೆ ನಾನು ಬರೆದಿದ್ದೆ. ಮೊದಲಿನವಳು ಟ್ಯಾಬ್ ಮುಚ್ಚಿ ಎದ್ದುಹೋಗಿದ್ದಳು, ಆದರೆ ಬ್ರೌಸರ್ ತೆರೆದೇ ಇತ್ತು. ಪಿಎಚ್‌ಪಿಯ ಸೆಷನ್ ಕುಕಿ ಸಾಮಾನ್ಯವಾಗಿ ಬ್ರೌಸರ್ ಪೂರ್ತಿ ಮುಚ್ಚುವವರೆಗೆ ಉಳಿಯುತ್ತದೆ. ಟೋಕನ್ ಯಾರು ತಂದರೂ ಸ್ಟ್ಯಾಂಡಿನವನು ಚಪ್ಪಲಿ ಕೊಟ್ಟುಬಿಡುತ್ತಾನಲ್ಲ, ಇದೂ ಹಾಗೆಯೇ. ಸೆಷನ್ ಗುರುತಿಸುವುದು ಬ್ರೌಸರನ್ನು, ಮಗುವನ್ನಲ್ಲ. ಬ್ಯಾಂಕಿನ ಪುಟದಲ್ಲಿ ಲಾಗ್ಔಟ್ ಒತ್ತಿ ಎಂದು ಹೇಳುವುದೇಕೆ ಎಂಬುದು ಅಂದು ಮಕ್ಕಳಿಗಿಂತ ಮೊದಲು ನನಗೆ ಅರ್ಥವಾಯಿತು. ಈಗ ಕೊನೆಯ ಪುಟದಲ್ಲಿ ‘ಮುಗಿಸಿದೆ’ ಗುಂಡಿ ಇದೆ. ಒತ್ತಿದರೆ ಸೆಷನ್‌ನ ಮಾಹಿತಿ ಅಳಿಯುತ್ತದೆ. ಗುಂಡಿ ಒತ್ತದೆ ಎದ್ದುಹೋಗುವವರೂ ಇರುತ್ತಾರೆ. ಹಾಗಾಗಿ ಮೊದಲ ಪುಟ ತೆರೆದಾಗಲೂ ಹಳೆಯದನ್ನು ಅಳಿಸಿ, ಗುರುತು ಬದಲಿಸಿ, ಹೆಸರು ಕೇಳಿಯೇ ಮುಂದೆ ಬಿಡುತ್ತದೆ.

ಈ ವಿಷಯ ಬೋಧಿಸುವ ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ. ಕಂಪ್ಯೂಟರ್ ಮುಟ್ಟುವ ಮೊದಲು ಹತ್ತು ನಿಮಿಷ ಚೀಟಿಗಳ ಚಟುವಟಿಕೆ ಮಾಡಿಸಿ. ಒಬ್ಬ ವಿದ್ಯಾರ್ಥಿ ಮರೆವಿನ ಸರ್ವರ್ ಆಗಲಿ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಅಂಕವನ್ನು ತಾವೇ ಚೀಟಿಯಲ್ಲಿ ಬರೆದು ತರಲಿ. ಎರಡನೇ ಸುತ್ತಿನಲ್ಲಿ ಟೋಕನ್ ಮಾತ್ರ ತರಲಿ, ಅಂಕ ಸರ್ವರ್‌ನ ಪುಸ್ತಕದಲ್ಲಿರಲಿ. ಮೂರನೆಯದರಲ್ಲಿ ಇಬ್ಬರು ಟೋಕನ್ ಅದಲುಬದಲು ಮಾಡಿಕೊಳ್ಳಲಿ. ಸೆಷನ್‌ನ ಅಗತ್ಯ, ಅನುಕೂಲ, ಅಪಾಯ ಮೂರೂ ಅವರ ಬಾಯಿಂದಲೇ ಬರುತ್ತವೆ.

ನಾನು ಈ ಚಟುವಟಿಕೆ ಮಾಡಿಸಿದ ದಿನ, ಗದರಿಸಿಕೊಂಡಿದ್ದ ಹುಡುಗನನ್ನೇ ಸರ್ವರ್ ಆಗಲು ಕರೆದೆ. ಅದಕ್ಕೂ ಮೊದಲು, ತಪ್ಪು ನನ್ನ ಪ್ರೋಗ್ರಾಂನದೆಂದು ತರಗತಿಗೆ ಹೇಳಿ ಅವನ ಕ್ಷಮೆ ಕೇಳಿದೆ. ಸೊನ್ನೆ ಅಳಿಸಿ, ಅವನು ನಿಜವಾಗಿ ಗಳಿಸಿದ್ದ 7 ಅಂಕ ಬರೆದೆ.